ಊರ ಪಕ್ಕದ ಬೆಟ್ಟ ನಡೆಯುವವರಿಗಿರಲಿ

ಮಾನ್ಯ ಅರಣ್ಯ ಸಚಿವರಿಗೆ,



ಬೆಳಗಿನ ಐದೂವರೆ ಗಂಟೆ. ಮೈಸೂರಿನ ಚಾಮುಂಡಿ ಬೆಟ್ಟದ ಪಾದದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ಆಗಲೇ ಬರಿಗಾಲಲ್ಲಿ ಹೊರಟವರು ಕೆಲವರು, ಮಂಡಿಗೆ ಪಟ್ಟಿ ಕಟ್ಟಿಕೊಂಡ ನಿವೃತ್ತರು ಕೆಲವರು, ಪೊಲೀಸ್ ನೇಮಕಾತಿಯ ಓಟಕ್ಕೆ ತಯಾರಾಗುತ್ತಿರುವ ಹುಡುಗ ಹುಡುಗಿಯರು ಕೆಲವರು. ಹರಕೆ ಹೊತ್ತ ಹೆಂಗಸೊಬ್ಬರು ಬಗ್ಗಿ ಬಗ್ಗಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಏರುತ್ತಾರೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು, ಒಂದನ್ನೂ ಬಿಡುವ ಹಾಗಿಲ್ಲ. ಓಡುತ್ತ ಹತ್ತುವವರು ಅವರನ್ನು ಕಂಡೊಡನೆ ವೇಗ ಇಳಿಸಿ, ಹಚ್ಚಿದ ಕುಂಕುಮ ತುಳಿಯದಂತೆ ಮೆಟ್ಟಿಲಿನ ಅಂಚು ಹಿಡಿದು ದಾಟುತ್ತಾರೆ.

ಇವರಲ್ಲಿ ಯಾರೂ ಟಿಕೆಟ್ ಕೊಂಡವರಲ್ಲ. ಹೋಟೆಲಿನಲ್ಲಿ ತಂಗಿದವರಲ್ಲ, ಕಾರು ನಿಲ್ಲಿಸಲು ಜಾಗ ಕೇಳಿದವರೂ ಅಲ್ಲ. ಹಾಗಾಗಿ ಬೆಟ್ಟದ ಅಭಿವೃದ್ಧಿಯ ಕಡತ ತೆರೆದಾಗ ಇವರ ಮುಖ ಅಧಿಕಾರಿಗಳ ಕಣ್ಣಿಗೆ ಬೀಳುವುದು ಕಷ್ಟ. ವರ್ಷಕ್ಕೊಮ್ಮೆ ಬರುವವರಿಗಾಗಿ ಯೋಜನೆಗಳು ಹುಟ್ಟುತ್ತವೆ. ವರ್ಷದಲ್ಲಿ ಮುನ್ನೂರು ದಿನ ಬರುವವರು ಏನು ಕೇಳುತ್ತಾರೆ ಎಂಬುದನ್ನು ತಮ್ಮ ಮುಂದಿಡಲು ಈ ಪತ್ರ.

ಈ ಮೆಟ್ಟಿಲುಗಳು 17ನೇ ಶತಮಾನದವು, ದೊಡ್ಡ ದೇವರಾಜ ಒಡೆಯರ್ ಕಾಲದವು. ಮೂರರಲ್ಲಿ ಎರಡು ಪಾಲು ಹತ್ತಿದ ಮೇಲೆ ಅದೇ ಅರಸರ ಕಾಲದ, ಒಂದೇ ಬಂಡೆಯಲ್ಲಿ ಕಡೆದ ನಂದಿ ಎದುರಾಗುತ್ತದೆ. ಬೆಟ್ಟದ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 1,060 ಮೀಟರ್. ನಗರದಿಂದ ಲೆಕ್ಕ ಹಾಕಿದರೆ ಏರು ಮುನ್ನೂರು ಮೀಟರಿನ ಹತ್ತಿರ, ಅಷ್ಟೆ. ರೂಢಿಯಿದ್ದವರು ಮುಕ್ಕಾಲು ಗಂಟೆಯೊಳಗೆ ಹತ್ತಿಬಿಡುತ್ತಾರೆ. ಆದರೆ ಆ ಸ್ವಲ್ಪ ಹೊತ್ತಿನಲ್ಲಿ ಊರು ಕಾಣುವ ಬಗೆಯೇ ಬದಲಾಗುತ್ತದೆ. ನೂರು ಮೆಟ್ಟಿಲ ಹತ್ತಿರ ಮರಗಳ ಸಂದಿಯಲ್ಲಿ ಒಂದೆರಡು ಮನೆಯ ದೀಪ. ಇನ್ನಷ್ಟು ಹತ್ತಿ ತಿರುಗಿದರೆ ಲಲಿತ ಮಹಲ್ ಅರಮನೆಯ ಬಿಳಿ ಗುಮ್ಮಟ, ಕಾರಂಜಿ ಕೆರೆಯ ನೀರು, ರೇಸ್ ಕೋರ್ಸಿನ ಹಸಿರು ಸುತ್ತು. ಮಂಜು ಸರಿದ ದಿನ ದೂರದಲ್ಲಿ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರವೂ ಕಾಣುತ್ತದೆ. ಭಾನುವಾರ ಸಂಜೆ ಅರಮನೆಯ ದೀಪ ಹೊತ್ತುವ ಗಳಿಗೆಯನ್ನು ಮೇಲಿನಿಂದ ನೋಡಲೆಂದೇ ಮಕ್ಕಳನ್ನು ಕರೆತರುವ ಮನೆಗಳಿವೆ.

ಕಾರಿನಲ್ಲಿ ಬಂದವರಿಗೂ ನೋಟ ಸಿಗುತ್ತದೆ, ನಿಜ. ಆದರೆ ಒಂದೊಂದೇ ಮೆಟ್ಟಿಲಿಗೆ ಊರು ಕೆಳಗಿಳಿಯುತ್ತ ಹೋಗುವುದನ್ನು, ಗಾಳಿ ತಂಪಾಗುವುದನ್ನು, ಹಾರ್ನಿನ ಸದ್ದು ಹಿಂದುಳಿದು ಕೋಗಿಲೆಯ ದನಿ ಮುಂದೆ ಬರುವುದನ್ನು ಕಾರಿನ ಗಾಜು ಕೊಡಲಾರದು.

2022ರ ಮಾರ್ಚಿನ ಬಜೆಟ್‌ನಲ್ಲಿ ಈ ಬೆಟ್ಟಕ್ಕೆ ರೋಪ್‌ವೇ ಘೋಷಣೆಯಾಯಿತು. ಮೈಸೂರಿನ ಪರಿಸರಾಸಕ್ತರು, ಇತಿಹಾಸ ಬಲ್ಲವರು, ನಿತ್ಯ ಬೆಟ್ಟ ಹತ್ತುವವರು ಬೇಡವೆಂದರು. ಮೇಲೆ ಹೋಗಲು ಒಳ್ಳೆಯ ರಸ್ತೆಯಿದೆ, ಸಿಟಿ ಬಸ್ಸಿದೆ, ಮೆಟ್ಟಿಲಿದೆ. ಇಷ್ಟು ಚಿಕ್ಕ ಬೆಟ್ಟಕ್ಕೆ ನಾಲ್ಕನೆಯ ದಾರಿ ಏಕೆ ಎಂಬುದು ಅವರ ನೇರ ಪ್ರಶ್ನೆಯಾಗಿತ್ತು. ಅದೇ ವರ್ಷ ಜುಲೈನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಜನರ ಮಾತಿಗೆ ಕಿವಿಗೊಟ್ಟ ಆ ತೀರ್ಮಾನವನ್ನು ಮೈಸೂರಿನವರು ಇಂದಿಗೂ ನೆನೆಯುತ್ತಾರೆ. ಆದರೂ ಒಂದು ಅಳುಕು ಉಳಿದಿದೆ. ಕೈಬಿಟ್ಟ ಯೋಜನೆಗಳಿಗೆ ಹೆಸರು ಬದಲಿಸಿಕೊಂಡು ಮರಳಿ ಬರುವ ಅಭ್ಯಾಸವಿದೆ.

ಬೆಟ್ಟದ ತಾಳಿಕೆ ಎಷ್ಟೆಂಬುದು ರೋಪ್‌ವೇ ಘೋಷಣೆಗೆ ಐದು ತಿಂಗಳ ಮೊದಲೇ ಗೊತ್ತಾಗಿತ್ತು. 2021ರ ಅಕ್ಟೋಬರಿನಲ್ಲಿ ಜೋರು ಮಳೆ ಸುರಿದು ನಂದಿಯತ್ತ ಹೋಗುವ ರಸ್ತೆಯ ಅಂಚು ಕುಸಿದು ಕೆಳಗೆ ಜಾರಿತು. ಆ ಭಾಗದಲ್ಲಿ ವಾಹನ ಸಂಚಾರ ನಿಲ್ಲಿಸಬೇಕಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಸಮೀಪದ ನಂದಿಬೆಟ್ಟದಲ್ಲೂ ಮಣ್ಣು, ಬಂಡೆ ಜಾರಿ ರಸ್ತೆ ಕಡಿದುಹೋಗಿತ್ತು. ಇಳಿಜಾರನ್ನು ಕಡಿದು, ಹೊರಮಗ್ಗುಲಿಗೆ ಮಣ್ಣು ತುಂಬಿ ರಸ್ತೆ ಅಗಲ ಮಾಡುತ್ತೇವೆ. ಮಳೆನೀರು ತಾನು ಹರಿಯುತ್ತಿದ್ದ ಜಾಡು ಸಿಗದೆ ಆ ತುಂಬಿದ ಮಣ್ಣಿಗೇ ಇಳಿಯುತ್ತದೆ. ನೆನೆದು ಭಾರವಾದ ಮಣ್ಣು ಒಂದು ರಾತ್ರಿ ಜಾರುತ್ತದೆ. ಬೆಟ್ಟದ ಮೇಲೆ ಕಟ್ಟಡ, ನೆಲಹಾಸು, ವಾಹನ ನಿಲುಗಡೆ ಹೆಚ್ಚಿದಷ್ಟೂ ಇಂಗುವ ನೀರು ಕಡಿಮೆ, ಹರಿಯುವ ನೀರು ಹೆಚ್ಚು. ಚಾಮುಂಡಿ ಬೆಟ್ಟದ ನೆತ್ತಿಯಲ್ಲಿ ಈಗಾಗಲೇ ಬಹುಮಹಡಿ ವಾಹನ ನಿಲುಗಡೆ ಕಟ್ಟಡವಿದೆ. ಅದಕ್ಕಿಂತ ಹೆಚ್ಚಿನ ಕಾಂಕ್ರೀಟಿನ ಭಾರವನ್ನು ಈ ಬೆಟ್ಟದ ಮೇಲೆ ಹೇರಬಾರದು.

ಬೆಂಗಳೂರಿನ ತುರಹಳ್ಳಿಯ ಮಾತೂ ಇದೇ. ಕನಕಪುರ ರಸ್ತೆಯ ಪಕ್ಕ, ಮೆಟ್ರೊದ ಹಸಿರು ಮಾರ್ಗಕ್ಕೆ ಸಮೀಪದಲ್ಲೇ ಉಳಿದುಕೊಂಡಿರುವ ಕುರುಚಲು ಕಾಡು ಅದು. ದೊಡ್ಡ ಮರಗಳ ಕಾಡನ್ನು ನೋಡಿದ ಕಣ್ಣಿಗೆ ಪಾಳುಭೂಮಿಯಂತೆ ಕಂಡೀತು. ಆದರೆ ನವಿಲಿಗೆ, ಓತಿಕೇತಕ್ಕೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಬೇಕಾದದ್ದು ಅದೇ ಮುಳ್ಳುಪೊದೆ, ಅದೇ ಬಯಲು ಬಂಡೆ. ಬಂಡೆ ಹತ್ತುವುದನ್ನು ಕಲಿಯುವ ಹುಡುಗರು ಅಲ್ಲಿಗೆ ಬರುತ್ತಾರೆ. ಒಂದು ಗಂಟೆ ನಡೆದು, ಬಂಡೆಯ ಮೇಲೆ ಕೂತು, ಸೂರ್ಯ ಮುಳುಗುವುದನ್ನು ನೋಡಿ ಹೋಗುವವರೂ ಬರುತ್ತಾರೆ. 2021ರ ಆರಂಭದಲ್ಲಿ ಅಲ್ಲೊಂದು ವೃಕ್ಷೋದ್ಯಾನ ಮಾಡುವ ಪ್ರಸ್ತಾವ ಬಂತು. ಸುತ್ತಮುತ್ತಲಿನ ನಿವಾಸಿಗಳು ಫಲಕ ಹಿಡಿದು ನಿಂತರು. ಫೆಬ್ರವರಿಯಲ್ಲಿ ಪ್ರಸ್ತಾವ ಬಿದ್ದುಹೋಯಿತು.

ವೃಕ್ಷೋದ್ಯಾನದ ಕಲ್ಪನೆ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ. ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ಅರಣ್ಯ ಇಲಾಖೆ ರಾಜ್ಯದ ಹಲವೆಡೆ ಮಾಡಿರುವ ಉದ್ಯಾನಗಳು ಎಷ್ಟೋ ಸಣ್ಣ ಊರುಗಳ ಮಕ್ಕಳಿಗೆ ಸಿಕ್ಕ ಮೊದಲ ಪಾರ್ಕು. ಬೋಳು ಜಾಗದಲ್ಲಿ ಅಂಥದ್ದು ಇನ್ನೂ ಬರಲಿ. ಆದರೆ ಕಾಡು ಇರುವಲ್ಲೇ ಪೊದೆ ಸವರಿ, ಹುಲ್ಲುಹಾಸು ಹಾಸಿ, ಜಿಂಕೆಯ ಸಿಮೆಂಟು ಗೊಂಬೆ ನಿಲ್ಲಿಸಬೇಕಾದ ಅಗತ್ಯ ಎಲ್ಲಿದೆ? ತುರಹಳ್ಳಿಯವರು ಕೇಳಿದ್ದು ಇಷ್ಟನ್ನೇ.

ನಡೆಯುವವರಿಗೆ ಎಲ್ಲ ಕಡೆಯೂ ಬಾಗಿಲು ತೆರೆದಿರಲಿ ಎಂಬ ಹಟ ಈ ಪತ್ರದ್ದಲ್ಲ. ರಾಮನಗರದ ರಾಮದೇವರ ಬೆಟ್ಟವನ್ನು ನೋಡಿ. ಶೋಲೆ ಚಿತ್ರೀಕರಣದಿಂದ ದೇಶಕ್ಕೆಲ್ಲ ಗೊತ್ತಾದ ಆ ಬಂಡೆಗಳ ಸಂದಿಯಲ್ಲಿ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. 2012ರಲ್ಲಿ ಅದು ರಣಹದ್ದು ಧಾಮವಾಯಿತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ಜಾನುವಾರನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನೇ ಕೆಡಿಸಿ ದೇಶದಾದ್ಯಂತ ಅವುಗಳ ಸಂತತಿಯನ್ನು ಕುಸಿಯುವಂತೆ ಮಾಡಿತ್ತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆಗೆ ನಿಷೇಧ ಬಂತು. ರಾಮನಗರದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಹದ್ದುಗಳು. ಅಲ್ಲಿ ಗೂಡಿನ ಬಂಡೆಗಳತ್ತ ಯಾರನ್ನೂ ಬಿಡಬಾರದು, ಕಟ್ಟುನಿಟ್ಟು ಇನ್ನೂ ಹೆಚ್ಚಲಿ. ಗುಡಿಗೆ ಹೋಗುವ ಮೆಟ್ಟಿಲಷ್ಟು ಸಾಕು.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತದಲ್ಲಿ ಜನ ಸಾಲುಗಟ್ಟಿದ ಚಿತ್ರಗಳನ್ನು ಎಲ್ಲರೂ ನೋಡಿದರು. ಆಮೇಲೆ ಇಲಾಖೆ ಚಾರಣದ ದಾರಿಗಳಿಗೆ ಆನ್‌ಲೈನ್ ಬುಕಿಂಗ್ ತಂದಿತು. ಒಂದು ದಾರಿಯಲ್ಲಿ ದಿನಕ್ಕೆ 300 ಜನ ಎಂಬ ಮಿತಿ ಬಂತು. ಪಶ್ಚಿಮ ಘಟ್ಟದ ಶೋಲಾ ಕಾಡು, ಹುಲ್ಲುಗಾವಲಿಗೆ ಅದು ಬೇಕೇಬೇಕಿತ್ತು. ಆದರೆ ಊರಿಗೆ ಅಂಟಿಕೊಂಡ ಚಿಕ್ಕ ಬೆಟ್ಟಗಳಿಗೂ ಅದೇ ಅಚ್ಚು ಒತ್ತಿದರೆ ಯಾರಿಗೆ ಪೆಟ್ಟು ಬೀಳುತ್ತದೆ? ಬೆಂಗಳೂರಿನಿಂದ ಬರುವವರು ಮೊಬೈಲಿನಲ್ಲಿ ಮೊದಲೇ ಟಿಕೆಟ್ ಮಾಡಿಕೊಂಡು ಬರುತ್ತಾರೆ. ಬೆಟ್ಟದ ಬುಡದ ಹಳ್ಳಿಯ ಅಜ್ಜ, ಶಾಲೆ ಮುಗಿಸಿ ಸಂಜೆ ಹೊತ್ತು ಗುಡ್ಡ ಹತ್ತುವ ಮಕ್ಕಳು ಗೇಟಿನ ಹೊರಗುಳಿಯುತ್ತಾರೆ. ಪಕ್ಕದ ಊರಿನವರಿಗೆ ವರ್ಷದ ಪಾಸು, ದೂರದವರಿಗೆ ಗೇಟಿನಲ್ಲೇ ಕನ್ನಡದಲ್ಲಿ ಬರೆದುಕೊಡುವ ಚೀಟಿ, ಇಷ್ಟು ಮಾಡಿದರೆ ಲೆಕ್ಕವೂ ಸಿಗುತ್ತದೆ, ಬೆಟ್ಟವೂ ಊರಿನವರ ಕೈತಪ್ಪುವುದಿಲ್ಲ.

ನಂದಿಬೆಟ್ಟದ ವಿಚಾರ ಇನ್ನೊಂದು ಬಗೆಯದು. 1,478 ಮೀಟರ್ ಎತ್ತರದ ಆ ಬೆಟ್ಟಕ್ಕೆ ವಾರಾಂತ್ಯದ ನಸುಕಿನಲ್ಲಿ ಸೂರ್ಯೋದಯ ನೋಡಲು ಹೊರಟ ವಾಹನಗಳ ಸಾಲು ಎಲ್ಲರಿಗೂ ಗೊತ್ತು. ಅದೇ ಬೆಟ್ಟಕ್ಕೆ ಸುಲ್ತಾನ್‌ಪೇಟೆಯ ಕಡೆಯಿಂದ ಹಳೆಯ ಮೆಟ್ಟಿಲ ದಾರಿಯಿದೆ. ಅದನ್ನು ಸರಿಪಡಿಸಿ, ಕಾವಲಿಟ್ಟು, ನಡೆದು ಬರುವವರಿಗೆ ಮೊದಲ ಆದ್ಯತೆ ಕೊಟ್ಟರೆ ಮೇಲಿನ ವಾಹನದೊತ್ತಡ ತಾನಾಗಿ ಸ್ವಲ್ಪ ಇಳಿಯುತ್ತದೆ. ಹಳದಿ ಕೊರಳಿನ ಪಿಕಳಾರ ಹುಡುಕಿಕೊಂಡು ದೂರದೂರದಿಂದ ಅಲ್ಲಿಗೆ ಬರುವ ಪಕ್ಷಿವೀಕ್ಷಕರೂ ಇದನ್ನೇ ಬಯಸುತ್ತಾರೆ. ಎಂಜಿನ್ನಿನ ಸದ್ದಿನಲ್ಲಿ ಆ ಪುಟ್ಟ ಹಕ್ಕಿಯ ದನಿ ಕೇಳಿಸುವುದೇ ಕಷ್ಟ.

ಹಾಗಾದರೆ ನಡೆಯುವವರಿಗೆ ಬೇಕಾದದ್ದೇನು? ಬೆಟ್ಟದ ಪಾದದಲ್ಲಿ ನೀರು ಬರುವ, ಚಿಲಕ ಹಾಕಬರುವ ಶೌಚಾಲಯ. ಅದಿಲ್ಲದಿದ್ದರೆ ಹೆಂಗಸರು ಮನೆಯಿಂದಲೇ ನೀರು ಕುಡಿಯದೆ ಹೊರಡುತ್ತಾರೆ; ಬೇಸಿಗೆಯ ಏರಿನಲ್ಲಿ ಅದು ಆರೋಗ್ಯಕ್ಕೆ ಅಪಾಯ. ಅಲ್ಲೇ ಒಂದು ಕುಡಿಯುವ ನೀರಿನ ನಲ್ಲಿ. ಮೇಲೆ ಒಯ್ಯುವ ಪ್ಲಾಸ್ಟಿಕ್ ಬಾಟಲಿಗೆ ಠೇವಣಿ ಕಟ್ಟಿಸಿಕೊಂಡು, ಇಳಿದ ಮೇಲೆ ಬಾಟಲಿ ತೋರಿಸಿದರೆ ಹಣ ವಾಪಸು ಕೊಡುವ ಒಂದು ಮೇಜು. ಸಡಿಲವಾದ ಚಪ್ಪಡಿಯನ್ನು ಮಳೆಗಾಲಕ್ಕೆ ಮೊದಲು ಕೂರಿಸುವ ಕಲ್ಲುಕುಟಿಗ. ಹೊಳಪಿನ ಗ್ರಾನೈಟ್ ಹಾಕುವುದು ಬೇಡ, ಒದ್ದೆಯಾದರೆ ಜಾರುತ್ತದೆ. ಮರದ ಹೆಸರನ್ನು ಕನ್ನಡದಲ್ಲಿ ಬರೆದ ಚಿಕ್ಕ ಫಲಕ. ಕಾಡಿನೊಳಗೆ ಬೈಕು ನುಗ್ಗದಂತೆ ತಡೆಯುವ ಒಂದು ಗೇಟು.

ಇನ್ನೊಂದು, ಬೆಂಕಿ. ಫೆಬ್ರವರಿ, ಮಾರ್ಚಿನಲ್ಲಿ ಈ ಒಣ ಬೆಟ್ಟಗಳ ಹುಲ್ಲು ಕೆಂಪಾಗಿ ನಿಂತಿರುತ್ತದೆ. ಬೀಡಿಯ ಒಂದು ತುಂಡು ಸಾಕು, ಲಂಟಾನದ ಪೊದೆಗಳು ಉರಿಯನ್ನು ಮೇಲ್ಮೇಲಕ್ಕೆ ಒಯ್ಯುತ್ತವೆ. ಜನವರಿ ಮುಗಿಯುವುದರೊಳಗೆ ಬೆಂಕಿ ರೇಖೆ ತೆಗೆಯಬೇಕು, ಬೆಂಕಿ ಕಾವಲಿನವರನ್ನು ನೇಮಿಸಬೇಕು, ಅವರ ಕೂಲಿ ಆಯಾ ತಿಂಗಳೇ ಕೈಸೇರಬೇಕು. ಬೆಟ್ಟದಲ್ಲಿ ಹೊಗೆಯೆದ್ದರೆ ಬೆಳಗಿನ ನಡಿಗೆಯವರ ಕಣ್ಣಿಗೆ ಬೇಗ ಬೀಳುತ್ತದೆ. ಕರೆ ಮಾಡಬೇಕಾದ ನಂಬರನ್ನು ಮೆಟ್ಟಿಲಿನ ಪಕ್ಕ ದೊಡ್ಡಕ್ಷರದಲ್ಲಿ ಬರೆಸಿದರೆ ಇಲಾಖೆಗೆ ನೂರಾರು ಕಾವಲುಗಾರರು ಸಿಕ್ಕಂತೆ.

ಇವುಗಳಲ್ಲಿ ಯಾವುದಕ್ಕೂ ರೋಪ್‌ವೇಗೆ ಬೇಕಾದಷ್ಟು ಹಣ ಬೇಡ. ಶಂಕುಸ್ಥಾಪನೆಯ ಕಲ್ಲೂ ಬೇಡ. ಆದರೆ ನಿರ್ವಹಣೆಗೆಂದು ಪ್ರತಿ ವರ್ಷ ತಪ್ಪದೆ ಬರುವ ಹಣ ಬೇಕು.

ಆಷಾಢ ಶುಕ್ರವಾರಗಳ ಜನಸಂದಣಿಯಲ್ಲಿ ಚಾಮುಂಡಿ ಬೆಟ್ಟವನ್ನು ತಾವು ನೋಡಿರಬಹುದು. ಒಮ್ಮೆ ಯಾವುದಾದರೂ ಸಾಮಾನ್ಯ ಬುಧವಾರ, ಬೆಂಗಾವಲು ವಾಹನವನ್ನು ದೂರದಲ್ಲೇ ಬಿಟ್ಟು, ಬೆಳಗಿನ ಐದೂವರೆಗೆ ಪಾದಕ್ಕೆ ಬನ್ನಿ. ಅಲ್ಲಿ ಮನವಿ ಪತ್ರ ಹಿಡಿದವರು ಯಾರೂ ಇರುವುದಿಲ್ಲ. ನಂದಿಯ ಹತ್ತಿರ ಹೊತ್ತು ಮೂಡುವ ಹೊತ್ತಿಗೆ ಅಲ್ಲಿ ಕೂತವರು ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ, ಎಷ್ಟನೆಯ ಮೆಟ್ಟಿಲು ಅಲುಗುತ್ತಿದೆ ಎಂದು ನೆನಪಿನಿಂದಲೇ ಹೇಳುತ್ತಾರೆ. ಇಳಿಯಲು ಮಂಡಿ ಒಪ್ಪದಿದ್ದರೆ ಚಿಂತೆಯಿಲ್ಲ. ಮೇಲಿನಿಂದ ಸಿಟಿ ಬಸ್ ನಿಲ್ದಾಣಕ್ಕೆ 201ನೇ ನಂಬರಿನ ಬಸ್ಸಿದೆ.

ಇತಿ,
ಬೆಟ್ಟದ ಪಾದದಿಂದ, ನಿತ್ಯ ನಡೆಯುವವರ ಪರವಾಗಿ