ಮನೆಯೊಳಗೆ ಬಂದ ನಾಯಿಗೆ ಬೀದಿಯಿಲ್ಲ

ಷಿಕಾಗೊದಲ್ಲಿ ಗಂಡ ಹೆಂಡತಿ ವಿಚ್ಛೇದನಕ್ಕೆ ಹೋದರೆ, ಸಾಕುನಾಯಿ ಯಾರ ಪಾಲಿಗೆ ಎಂದು ತೀರ್ಮಾನಿಸುವ ನ್ಯಾಯಾಧೀಶರು ನಾಯಿಯ ಕ್ಷೇಮವನ್ನೂ ನೋಡಬೇಕು. ಇಲಿನಾಯ್ ರಾಜ್ಯದ ವಿವಾಹ ಕಾಯ್ದೆಗೆ ತಂದ ಈ ತಿದ್ದುಪಡಿ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಮಿಷಿಗನ್ ಸರೋವರದ ಆಚೆ ದಡದ ಮಿಷಿಗನ್ ರಾಜ್ಯದಲ್ಲಿ ಮಾತು ಬೇರೆ. ಪಶುವೈದ್ಯರ ತಪ್ಪಿನಿಂದ ನಾಯಿ ಸತ್ತಿತೆಂದು ದೂರಿ, ಮನಸ್ಸಿಗಾದ ನೋವಿಗೆ ಪರಿಹಾರ ಕೇಳಿದ ಮಾಲೀಕರೊಬ್ಬರಿಗೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2000ದಲ್ಲಿ ಹೇಳಿದ್ದು ಇಷ್ಟೇ: ನಾಯಿ ಒಂದು ಸ್ವತ್ತು, ಸ್ವತ್ತು ಹೋದದ್ದಕ್ಕೆ ದುಃಖದ ಪರಿಹಾರವಿಲ್ಲ.

ಇಲಿನಾಯ್ ಉದಾರ, ಮಿಷಿಗನ್ ಕಠೋರ ಎಂದುಕೊಳ್ಳುವುದು ಸುಲಭ. ಆದರೆ ಇಲಿನಾಯ್‌ನ ಕಾನೂನಿಗೂ ನಾಯಿ ದಂಪತಿಯ ಆಸ್ತಿಯೇ, ಸ್ವಲ್ಪ ಕರುಣೆಯಿಂದ ಹಂಚಬೇಕಾದ ಆಸ್ತಿ. ಎರಡೂ ಕಡೆ ನಾಯಿಗೆ ಮಾಲೀಕನ ಹೊರತು ಬೇರೆ ಗುರುತಿಲ್ಲ. ಹಿತ್ತಿಲಿನಿಂದ ಸೋಫಾಕ್ಕೆ ಬಡ್ತಿ ಪಡೆದ ನಾಯಿಯ ಇಡೀ ಬಾಳು ಒಂದು ಮನೆಯ ಸಂಬಳ, ಬಾಡಿಗೆ ಕರಾರು, ದಾಂಪತ್ಯಕ್ಕೆ ಗಂಟು ಬಿದ್ದಿದೆ.

ಆ ಮನೆಯೇ ಕುಸಿದರೆ ಏನಾಗುತ್ತದೆಂದು ಮಿಷಿಗನ್‌ನ ಡೆಟ್ರಾಯ್ಟ್ ತೋರಿಸಿತು. 1950ರಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದ ಆ ಕಾರುಗಳ ಊರಲ್ಲಿ 2010ರ ಹೊತ್ತಿಗೆ ಉಳಿದದ್ದು ಏಳು ಲಕ್ಷ ಚಿಲ್ಲರೆ. 2013ರ ಜುಲೈನಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಮರುತಿಂಗಳೇ, ಪಾಳುಮನೆಗಳ ನಡುವೆ 50,000 ನಾಯಿಗಳು ಅಲೆಯುತ್ತಿವೆ ಎಂಬ ಸುದ್ದಿ ಜಗತ್ತೆಲ್ಲ ಹರಡಿತು. ಸ್ವಯಂಸೇವಕರು ಬೀದಿಗಿಳಿದು ಎಣಿಸಿದಾಗ ಸಿಕ್ಕಿದ್ದು ಅದರ ಸಣ್ಣ ಪಾಲು. ಅವುಗಳಲ್ಲೂ ಹಲವಕ್ಕೆ ಯಜಮಾನರಿದ್ದರು, ಬೇಲಿ ಮಾತ್ರ ಇರಲಿಲ್ಲ. ಭಯ ಮಾತ್ರ ಹುಸಿಯಲ್ಲ: 2015ರಲ್ಲಿ ಮತ್ತು 2019ರಲ್ಲಿ ಆ ಊರಿನ ಇಬ್ಬರು ಮಕ್ಕಳನ್ನು ಕೊಂದದ್ದು ಬೀದಿನಾಯಿಗಳಲ್ಲ, ಸಾಕಿದ ನಾಯಿಗಳು.

ಪ್ರತಿ ನಾಯಿಗೂ ಒಬ್ಬ ಮಾಲೀಕ ಇರಲೇಬೇಕೆನ್ನುವ ಈ ವ್ಯವಸ್ಥೆ ನಮ್ಮವರಿಗೆ ಅರ್ಥವಾಗಲು ತುಸು ಹೊತ್ತು ಬೇಕು. ಮಗನ ಮನೆಗೆಂದು ಷಿಕಾಗೊ ಬಳಿಯ ನೇಪರ್‌ವಿಲ್‌ಗೋ ಡೆಟ್ರಾಯ್ಟ್ ಬಳಿಯ ಟ್ರಾಯ್‌ಗೋ ಬಂದ ಅಜ್ಜನಿಗೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ನಾಯಿಯ ಹಿಂದೆ ನಡೆಯುವುದಕ್ಕಿಂತಲೂ, ಆ ಓಣಿಯಲ್ಲಿ ಯಾರದೂ ಅಲ್ಲದ ನಾಯಿ ಒಂದೂ ಇಲ್ಲದಿರುವುದು ಹೆಚ್ಚು ವಿಚಿತ್ರ. ನಾಯಿಯನ್ನು ಗೌರವಿಸುವುದು ನಮಗೆ ಹೊಸದಲ್ಲ. ಬೇಟೆಯಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಅದರ ಒಡೆಯ, ವೀರ ಮಣಲೆರ ಹತ್ತನೆಯ ಶತಮಾನದಲ್ಲೇ ಕರ್ನಾಟಕದ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ್ದ. ಆದರೆ ಸಾಮಾನ್ಯ ನಾಯಿಯನ್ನು ನಾವು ಕೇರಿಗೆ ಬಿಟ್ಟೆವು: ಅನ್ನ ಹಾಕುವವರು ಹತ್ತು ಮನೆಯವರು, ಕಚ್ಚಿದರೆ ಹೊಣೆ ಯಾರದೂ ಅಲ್ಲ.

ಹೊಣೆಯ ಲೆಕ್ಕ ಕಡೆತನಕ ಇಟ್ಟ ಸಂಸ್ಥೆ ಡೆಟ್ರಾಯ್ಟ್ ಪಕ್ಕದಲ್ಲೇ ಇದೆ. ಲಯನ್ಸ್ ಕ್ಲಬ್ ಸದಸ್ಯರು 1939ರಲ್ಲಿ ರೋಚೆಸ್ಟರ್‌ನಲ್ಲಿ ಕಟ್ಟಿದ 'ಲೀಡರ್ ಡಾಗ್ಸ್ ಫಾರ್ ದಿ ಬ್ಲೈಂಡ್' ಅಂಧರಿಗೆ ದಾರಿ ತೋರುವ ನಾಯಿಗಳನ್ನು ಉಚಿತವಾಗಿ ಕೊಡುತ್ತದೆ. ಮರಿಗಳು ಸ್ವಯಂಸೇವಕರ ಮನೆಗಳಲ್ಲಿ, 2002ರಿಂದೀಚೆಗೆ ಜೈಲುಗಳಲ್ಲಿ ಕೈದಿಗಳ ಬಳಿಯೂ ಬೆಳೆಯುತ್ತವೆ. ಆಮೇಲೆ ತರಬೇತಿ, ಸೇವೆ, ನಿವೃತ್ತಿ. ಮುದಿಯಾದ ಮೇಲೆ ನಾಯಿ ಯಾರ ಮನೆಗೆ ಎಂಬುದಕ್ಕೂ ಅಲ್ಲಿ ಉತ್ತರವಿದೆ. ಮನೆ ಬದಲಾದರೂ ಹೊಣೆ ತಪ್ಪುವುದಿಲ್ಲ. ಸಾಮಾನ್ಯ ಸಾಕುನಾಯಿಗೆ ಈ ಭಾಗ್ಯವಿಲ್ಲ. ಬಾಡಿಗೆ ಮನೆಯ ಮಾಲೀಕ ಒಪ್ಪದಿದ್ದರೆ ಅದು ಹೋಗುವುದು ನಗರದ ಆಶ್ರಯ ಕೇಂದ್ರಕ್ಕೆ. ಷಿಕಾಗೊದಂಥ ಶ್ರೀಮಂತ ನಗರದಲ್ಲೂ ಗೂಡು ತುಂಬಿದಾಗ ದಯಾಮರಣದ ಸೂಜಿ ಇದ್ದೇ ಇದೆ.

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಬೀದಿನಾಯಿಗಳನ್ನು ಆಶ್ರಯ ಕೇಂದ್ರಗಳಿಗೆ ಸಾಗಿಸಿ ಎಂದು ಭಾರತದ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದ ಮೇಲೆ, ನಮ್ಮ ಪಾಲಿಕೆಗಳೂ ಅಮೆರಿಕದ ಇದೇ ದಾರಿಗೆ ಬಂದು ನಿಂತಿವೆ. ಶೆಡ್ಡಿಗೆ ಟೆಂಡರ್ ಕರೆಯುವುದು ಅವುಗಳಿಗೆ ಗೊತ್ತು. ಒಳಗೆ ಹೋದ ನಾಯಿಗೆ ಮುಂದಿನ ಹತ್ತು ವರ್ಷ ಅನ್ನ, ಲಸಿಕೆ, ವೈದ್ಯರು ಯಾವ ಬಾಬತ್ತಿನಿಂದ ಎಂಬುದು ಆ ಟೆಂಡರಿನಲ್ಲಿ ಇರಬೇಕಾದ ಮೊದಲ ಸಾಲು.