ಫ್ರೀ ಅಂದ್ರೆ ಬರೀ ಪುಕ್ಕಟೆನಾ?

ಇಂಗ್ಲಿಷಿನ 'ಫ್ರೀ' ಪದದಷ್ಟು ಆರಾಮಾಗಿ ಕನ್ನಡದಲ್ಲಿ ಓಡಾಡಿಕೊಂಡಿರೋ ಪದ ಇನ್ನೊಂದಿಲ್ಲವೇನೋ. "ಸಂಜೆ ಫ್ರೀ ಇದೀಯೇನೋ?" ಅಂದ್ರೆ ಬಿಡುವು. "ಎರಡು ಕೊಂಡ್ರೆ ಒಂದು ಫ್ರೀ" ಅಂದ್ರೆ ಪುಕ್ಕಟೆ. "ಫ್ರೀಯಾಗಿ ಮಾತಾಡಿ" ಅಂದ್ರೆ ಸಂಕೋಚ ಬೇಡ ಅಂತ. ಗ್ಯಾರೇಜಿನ ಹುಡುಗ "ನಟ್ಟು ಸ್ವಲ್ಪ ಫ್ರೀ ಮಾಡ್ಬೇಕು ಸಾರ್" ಅಂದ್ರೆ ಸಡಿಲ. ಇನ್ನು 'ಶುಗರ್ ಫ್ರೀ' ಬಿಸ್ಕತ್ತಿನ ಜೊತೆ ಸಕ್ಕರೆ ಪುಕ್ಕಟೆ ಕೊಡ್ತಾರಾ ಅಂತ ಅಂಗಡಿಯವನನ್ನ ಕೇಳೋದು ನಿಮಗೆ ಬಿಟ್ಟಿದ್ದು :)

ಪದದ ಮೂಲ ಹುಡುಕಿದರೆ ಇನ್ನೂ ಮಜಾ ಇದೆ. ಫ್ರೀ, ಫ್ರೆಂಡ್, ಸಂಸ್ಕೃತದ 'ಪ್ರಿಯ' ಮೂರೂ ಒಂದೇ ಬೇರಿನವು. ಅದರಲ್ಲಿ ದುಡ್ಡಿನ ಮಾತೇ ಇರಲಿಲ್ಲ!

ನಮ್ಮ ತಂತ್ರಾಂಶದ ಲೋಕದಲ್ಲಿ ಮಾತ್ರ ಈ ಪದ ಮಾಡಿರೋ ಗೊಂದಲ ಅಷ್ಟಿಷ್ಟಲ್ಲ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು, 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಅವರ ಫ್ರೀ ಅಂದ್ರೆ ಸ್ವಾತಂತ್ರ್ಯ: ಬಳಸೋಕೆ, ಒಳಗೆ ಹೇಗಿದೆ ಅಂತ ನೋಡಿ ತಿದ್ದೋಕೆ, ಹಂಚೋಕೆ, ತಿದ್ದಿದ್ದನ್ನೂ ಹಂಚೋಕೆ. ಬೇಕಿದ್ರೆ ದುಡ್ಡಿಗೆ ಮಾರಬಹುದು ಕೂಡ. ಆದ್ರೆ ಜನ ಕೇಳಿಸಿಕೊಂಡಿದ್ದು 'ಬಿಟ್ಟಿ' ಅಂತ. 1998ರಲ್ಲಿ ಕೆಲವರು 'ಓಪನ್ ಸೋರ್ಸ್' ಅನ್ನೋ ಹೊಸ ಹೆಸರು ಹುಟ್ಟುಹಾಕಿದ್ದಕ್ಕೆ ಈ ಗೊಂದಲವೂ ಒಂದು ಕಾರಣ.

ಇಂಗ್ಲಿಷಿನವರ ಪಾಡು ಬಿಡಿ, ಅವರ ಹತ್ರ ಇರೋದೇ ಒಂದು ಪದ. ನಮಗೇನು ಬಂದಿದೆ? ಉಚಿತ, ಪುಕ್ಕಟೆ, ಬಿಟ್ಟಿ ಒಂದು ಕಡೆ, ಸ್ವತಂತ್ರ, ಮುಕ್ತ ಇನ್ನೊಂದು ಕಡೆ, ಬೇರೆ ಬೇರೆಯಾಗಿ ಕೂತಿವೆ. ಆದರೂ ಫ್ರೀ ಸಾಫ್ಟ್‌ವೇರ್ ಅಂದ ತಕ್ಷಣ 'ಉಚಿತ ತಂತ್ರಾಂಶ' ಅಂತ ಬರೆದುಬಿಡ್ತೀವಿ. (ಈ 'ಉಚಿತ'ದ ಕತೆಯೂ ವಿಚಿತ್ರವೇ. ಸಂಸ್ಕೃತದಲ್ಲಿ ಅದಕ್ಕೆ 'ತಕ್ಕದ್ದು' ಅಂತ ಅರ್ಥ. ಹಾಗಂತ 'ಅನುಚಿತ' ಅಂದ್ರೆ ದುಡ್ಡು ಕೊಡಬೇಕಾದ್ದು ಅಂತಲ್ಲ!)

ಇದು ಬರೀ ಪದದ ಜಗಳ ಅಂದ್ಕೋಬೇಡಿ. 1998ರಲ್ಲಿ ಬಂದ 'ಬರಹ' ಎಷ್ಟೋ ವರ್ಷ ಉಚಿತವಾಗಿ ಸಿಕ್ತು, ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯೋಕೆ ಕಲಿತದ್ದೇ ಅದರಲ್ಲಿ. ಮುಂದೆ ಅದು ದುಡ್ಡು ಕೊಟ್ಟು ಕೊಳ್ಳೋ ತಂತ್ರಾಂಶವಾಯ್ತು. ಅದು ತಪ್ಪಲ್ಲ, ಮಾಡಿದವರ ಹಕ್ಕು, ಆ ಋಣ ನಮ್ಮ ಮೇಲಿದೆ. ಆದ್ರೆ ಉಚಿತ ಅನ್ನೋದು ಕೊಡೋರ ಮನಸ್ಸಿನಲ್ಲಿರುತ್ತೆ, ಸ್ವತಂತ್ರ ಅನ್ನೋದು ಪರವಾನಗಿಯಲ್ಲೇ ಬರೆದಿರುತ್ತೆ. ಕೇದಗೆ, ಮಲ್ಲಿಗೆ ಫಾಂಟುಗಳನ್ನೇ ನೋಡಿ. ಜಿಪಿಎಲ್ ಪರವಾನಗಿಯಲ್ಲಿ ಬಂದಿದ್ದರಿಂದ ಡೆಬಿಯನ್ ಲಿನಕ್ಸ್ ಅವನ್ನ ಯಾರ ಅಪ್ಪಣೆಗೂ ಕಾಯದೆ ತನ್ನ ಜೊತೆ ಹಂಚೋಕಾಯ್ತು. ನಾಳೆ ಅದರ ಒತ್ತಕ್ಷರ ಯಾಕೋ ಸರಿ ಕಾಣ್ತಿಲ್ಲ ಅನ್ನಿಸಿದ್ರೆ ನೀವೇ ಬಿಚ್ಚಿ ಸರಿಮಾಡಬಹುದು, ಸರಿಮಾಡಿದ್ದನ್ನ ನನಗೂ ಕೊಡಬಹುದು.

ಅದಕ್ಕೇ ಕನ್ನಡದ ಹೊಸ ಕೀಲಿಮಣೆಯೋ, ನಿಘಂಟಿನ ಆಪೋ ಬಂದು "ಫ್ರೀ ಕಣ್ರೀ, ಹಾಕ್ಕೊಳ್ಳಿ" ಅಂತ ಯಾರಾದ್ರೂ ಅಂದ್ರೆ, ನಾನು ಮೊದಲು ಕೇಳೋದು ಇಷ್ಟೇ: ಯಾವ ಫ್ರೀ ಸ್ವಾಮೀ?