ಕ್ಯಾಮೆರಾ ನೆತ್ತಿಗೊಂದು ಮುಚ್ಚಳ

ಕ್ಯಾಮೆರಾ ಕೊಂಡವರು ಮೊದಲು ಲೆನ್ಸ್‌ಗೆ ಫಿಲ್ಟರ್ ಹಾಕಿಸ್ತಾರೆ, ಸ್ಕ್ರೀನ್‌ಗೆ ಗಾರ್ಡ್ ಅಂಟಿಸ್ತಾರೆ, ಆಮೇಲೆ ಒಳ್ಳೆ ಬ್ಯಾಗ್ ಹುಡುಕ್ತಾರೆ. ನೆತ್ತಿಯ ಮೇಲೆ ಬಾಯಿ ತೆರೆದುಕೊಂಡಿರುವ ಜಾಗ ಮಾತ್ರ ಹಾಗೇ ಉಳಿದುಬಿಡುತ್ತೆ. ಅದೇ ಹಾಟ್ ಶೂ. ಫ್ಲ್ಯಾಶ್, ಟ್ರಿಗರ್, ಮೈಕ್ ಕೂರಿಸುವ ಲೋಹದ ಹಳಿ. ಅದರ ಜೊತೆ ಬಂದಿದ್ದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಎಲ್ಲಿದೆ ಅಂತ ಕೇಳಿ ನೋಡಿ. ಹೆಚ್ಚಿನವರಿಗೆ ಗೊತ್ತಿರಲ್ಲ.

‘ಹಾಟ್’ ಅಂದ್ರೆ ಇಲ್ಲಿ ಬಿಸಿ ಅಲ್ಲ, ವಿದ್ಯುತ್ ಸಂಪರ್ಕ ಇದೆ ಅಂತ. ನಡುವೆ ಇರುವ ದೊಡ್ಡ ಚುಕ್ಕಿಯೇ ಫ್ಲ್ಯಾಶ್‌ಗೆ ‘ಈಗ ಮಿಂಚು’ ಅಂತ ಹೇಳೋದು. ಸುತ್ತಲಿನ ಸಣ್ಣ ಚುಕ್ಕಿಗಳು ಎಷ್ಟು ಬೆಳಕು ಬೇಕು ಎಂಬ ಲೆಕ್ಕವನ್ನು ಒಯ್ಯುತ್ತವೆ. ಹೊಸ ಕ್ಯಾಮೆರಾಗಳಲ್ಲಿ ಈ ಜಾಗಕ್ಕೆ ಇನ್ನೂ ಹೆಚ್ಚು ಕೆಲಸ. ಸೋನಿ 2012ರಲ್ಲಿ ಮಲ್ಟಿ ಇಂಟರ್‌ಫೇಸ್ ಶೂ ತಂದಿತು. ಕ್ಯಾನನ್ 2021ರಲ್ಲಿ ಇಓಎಸ್ ಆರ್3 ಜೊತೆ ಇಂಥದ್ದೇ ಒಂದನ್ನು ಕೊಟ್ಟಿತು. ಎರಡರಲ್ಲೂ ಹಳಿಯ ಮುಂಭಾಗದಲ್ಲಿ ಬಾಚಣಿಗೆ ಹಲ್ಲಿನಂತೆ ಸಣ್ಣ ಸಣ್ಣ ಸಂಪರ್ಕಗಳು ಸಾಲಾಗಿವೆ. ಮೈಕ್‌ನ ಧ್ವನಿಯೂ ಅಲ್ಲಿಂದಲೇ ಒಳಗೆ ಹೋಗುತ್ತೆ. ಸಂಪರ್ಕ ಸಣ್ಣದಾದಷ್ಟೂ ಒಂದು ಹನಿ ನೀರು ಮಾಡುವ ಹಾನಿ ದೊಡ್ಡದು.

ಹಾಸನದಿಂದ ಸುಮಾರು 10 ಕಿಲೋಮೀಟರ್ ದೂರದ ಕೊರವಂಗಲದ ಕಡೆ ಮಳೆಗಾಲದಲ್ಲಿ ಬಂದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಸಕಲೇಶಪುರದ ಹಾಗೆ ಇಲ್ಲಿ ಧೋ ಅಂತ ಸುರಿಯಲ್ಲ. ಹಿಟ್ಟು ಜರಡಿ ಹಿಡಿದಂಗೆ ಸೋನೆ. ದೊಡ್ಡ ಮಳೆ ಬಂದರೆ ಎಲ್ಲರೂ ಓಡಿಹೋಗಿ ಕ್ಯಾಮೆರಾ ಮುಚ್ತಾರೆ. ಸೋನೆಗೆ ಯಾರೂ ಓಡಲ್ಲ, ‘ಇಷ್ಟೇ ತಾನೆ’ ಅಂತಾರೆ. ಅಷ್ಟರಲ್ಲಿ ನೀರು ಹಳಿಯೊಳಗೆ ಕೂತಿರುತ್ತೆ.

ನಮ್ಮ ಚಿಕ್ಕಪ್ಪನ ಮಗ ಮದುವೆ ಫೋಟೋ ತೆಗೆದೇ ಮನೆ ನಡೆಸೋನು. ಕ್ಯಾಮೆರಾ ಕಂತಿನ ಮೇಲೆ ತಗೊಂಡದ್ದು. ಆಷಾಢ ಮುಗಿದು ಶ್ರಾವಣದ ಮದುವೆ ಶುರುವಾಗಿತ್ತು. ಒಂದು ಮದುವೆ ದಿನ ಬೆಳಿಗ್ಗೆ ಹೊರಗೆ ಸೋನೆಯಲ್ಲೇ ಚಪ್ಪರ, ತೋರಣ, ಬಂದ ನೆಂಟರು ಎಲ್ಲ ತೆಗೆದಿದ್ದಾನೆ. ಒಳಗೆ ಬಂದು ಒರೆಸದೆ ಟ್ರಿಗರ್ ತಳ್ಳಿ ಕೂರಿಸಿದ್ದಾನೆ. ಧಾರೆ ಹೊತ್ತಿಗೆ ಫ್ಲ್ಯಾಶ್ ತಾನಾಗೇ ಎರಡು ಸಲ ಮಿಂಚಿ ಸುಮ್ಮನಾಯ್ತು.

“ಅಕ್ಕಾ, ಧಾರೆ ಇನ್ನೊಂದ್ಸಲ ಎರೀರಿ ಅಂತ ಕೇಳಕ್ಕಾಯ್ತದಾ?” ಅಂದ ಆವತ್ತು ರಾತ್ರಿ ಫೋನಲ್ಲಿ. ಇದ್ದ ಬೆಳಕಲ್ಲೇ ಒಂದಷ್ಟು ತೆಗೆದ. ಚಿತ್ರಗಳು ಕತ್ತಲು ಕತ್ತಲು. ಹೆಣ್ಣಿನ ಮನೆಯವರು ಕೊನೆಯ ದುಡ್ಡಲ್ಲಿ ಅರ್ಧ ಹಿಡಿದುಕೊಂಡರು. ಆ ತಿಂಗಳ ಕಂತು ಕಟ್ಟೋಕೆ ಅವನು ಬೇರೆಯವರ ಹತ್ರ ಕೈಯೊಡ್ಡಬೇಕಾಯ್ತು.

ಒಳಗೆ ಆಗೋದೇನು? ನಡುವಿನ ಚುಕ್ಕಿಗೂ ಲೋಹದ ಹಳಿಗೂ ನಡುವೆ ನೀರು ಸೇತುವೆ ಕಟ್ಟಿದರೆ ಫ್ಲ್ಯಾಶ್‌ಗೆ ಸುಳ್ಳು ಸಂದೇಶ ಹೋಗಬಹುದು. ಅದು ಆ ಕ್ಷಣದ ತೊಂದರೆ. ನಿಧಾನದ ತೊಂದರೆ ಇನ್ನೊಂದಿದೆ. ಬೆವರಲ್ಲಿ ಉಪ್ಪಿರುತ್ತೆ. ಮಳೆಹನಿ ಜೊತೆ ಧೂಳು ಕರಗಿರುತ್ತೆ. ಅಂಥ ನೀರಿನ ಮೂಲಕ ಕರೆಂಟ್ ಹರಿದರೆ ಲೋಹ ಕೊರೆಯುತ್ತೆ. ಸಂಪರ್ಕಗಳ ಮೇಲಿನ ಚಿನ್ನದ ಲೇಪ ಬಹಳ ತೆಳು. ಅದು ಸವೆದ ಕಡೆ ಅಡಿಯ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತೆ. ದೇವರ ಮನೆ ತಂಬಿಗೆಗೆ ಹಿಡಿಯುತ್ತಲ್ಲ, ಅದೇ.

‘ನನ್ನದು ವೆದರ್ ಸೀಲ್ಡ್’ ಅನ್ನೋರಿಗೆ ಒಂದು ಮಾತು. ಅದು ತುಂತುರು ತಡೆಯುತ್ತೇನೆ ಎಂಬ ಭರವಸೆ, ನೀರಲ್ಲಿ ಮುಳುಗಿಸಿ ಎಂಬ ಅನುಮತಿ ಅಲ್ಲ. ಎಲ್ಲ ಮುಚ್ಚಳಗಳೂ ಸರಿಯಾಗಿ ಮುಚ್ಚಿದ್ದರೆ ಮಾತ್ರ ಅದಕ್ಕೆ ಬೆಲೆ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ ಅನ್ನೋದೂ ನೆನಪಿರಲಿ.

ಕೊರವಂಗಲದ ಬೂಚೇಶ್ವರ ಗುಡಿ ಕಟ್ಟಿದ್ದು 1173ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ. ಬಳಪದ ಕಲ್ಲಿನ ಗೋಡೆ ಮೇಲೆ ಅಷ್ಟು ನಾಜೂಕು ಕೆತ್ತನೆ ಮಾಡಿ ಸುಮ್ಮನೆ ಬಿಟ್ಟಿಲ್ಲ. ಮೇಲೆ ಮುಂಚಾಚಿದ ಕಲ್ಲಿನ ಲೋವೆ ಇಟ್ಟಿದ್ದಾರೆ, ಮಳೆನೀರು ಗೋಡೆ ಬಿಟ್ಟು ಆಚೆ ಬೀಳಲಿ ಅಂತ. ನಾಜೂಕಾದದ್ದರ ಮೇಲೆ ಒಂದು ಮರೆ ಇರಬೇಕು. ನಮ್ಮ ಕ್ಯಾಮೆರಾಕ್ಕೂ ಅಷ್ಟೇ ಬೇಕಿರೋದು.

ಮೊದಲು ಶೂ ಮುಚ್ಚಳ ತಗೊಳ್ಳಿ. ನಿಮ್ಮ ಮಾಡೆಲ್‌ಗೆ ಸರಿಹೊಂದೋದೇ ಆಗಬೇಕು, ಸಡಿಲ ಇದ್ದರೆ ದಾರೀಲೇ ಬಿದ್ದುಹೋಗುತ್ತೆ. ಎರಡು ತಗೊಂಡು ಒಂದನ್ನು ಬ್ಯಾಗ್ ಜೇಬಲ್ಲಿಡಿ. ಫ್ಲ್ಯಾಶ್ ತೆಗೆದ ಕೂಡಲೇ ಮುಚ್ಚಳ ಹಾಕೋದು ಅಭ್ಯಾಸ ಆಗಲಿ.

ಫ್ಲ್ಯಾಶ್ ಅಥವಾ ಟ್ರಿಗರ್ ಕೂರಿಸಿಯೇ ಸೋನೆಯಲ್ಲಿ ಓಡಾಡಬೇಕಾ? ಎರಡನ್ನೂ ಸೇರಿಸಿ ಮುಚ್ಚುವ ಮಳೆ ಕವರ್ ಹಾಕಿ. ಅವಸರಕ್ಕೆ ಹೋಟೆಲ್ ರೂಮಲ್ಲಿ ಸಿಗುವ ಶವರ್ ಕ್ಯಾಪ್ ಸಾಕು. ಇನ್ಸುಲೇಶನ್ ಟೇಪ್ ಮಾತ್ರ ನೇರವಾಗಿ ಸಂಪರ್ಕಗಳ ಮೇಲೆ ಅಂಟಿಸಬೇಡಿ, ಅಂಟು ಅಲ್ಲೇ ಉಳಿಯುತ್ತೆ. ಪಕ್ಕದ ಮೈಕ್, ಯುಎಸ್‌ಬಿ ಬಾಯಿಗಳೂ ಹಾಗೇ. ವೈರ್ ಚುಚ್ಚಿದ್ದರೆ ರಬ್ಬರ್ ಮುಚ್ಚಳ ತೆರೆದೇ ಇರುತ್ತೆ. ಆಗ ಅಲ್ಲಿ ಸೀಲ್ ಇಲ್ಲ ಅಂತಲೇ ತಿಳೀರಿ.

ನೆನೆದರೆ ಆಫ್ ಮಾಡಿ, ಫ್ಲ್ಯಾಶ್ ತೆಗೀರಿ, ಬ್ಯಾಟರಿ ತೆಗೀರಿ. ಹತ್ತಿ ಬಟ್ಟೆಯಿಂದ ಒತ್ತಿ ನೀರು ಹೀರಿಸಿ, ಉಜ್ಜಬೇಡಿ. ಫ್ಯಾನ್ ಗಾಳಿಗೆ ಇಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಹೇರ್ ಡ್ರೈಯರ್ ಬೇಡ, ಬಿಸಿ ಗಾಳಿ ನೀರನ್ನು ಒಳಕ್ಕೆ ತಳ್ಳಬಹುದು. ಅಕ್ಕಿ ಡಬ್ಬಿಯೂ ಬೇಡ. ನೆನೆದ ಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ಹೇಳಿದೆ, ಸಣ್ಣ ಕಣ ಒಳಗೆ ಸೇರುತ್ತೆ ಅಂತ.

ಕಿಲುಬು ಕಂಡರೆ ಮರಳು ಕಾಗದ ಹಿಡಿಯಬೇಡಿ. ಬ್ಯಾಟರಿ ತೆಗೆದು, ಹತ್ತಿ ಕಡ್ಡಿಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆಲ್ಲಗೆ ಒರೆಸಿ. ಹೋಗದಿದ್ದರೆ ರಿಪೇರಿಯವರ ಕೈಗೆ ಕೊಡಿ.

ನಮ್ಮ ಹುಡುಗ ಈಗ ಶೂ ಮುಚ್ಚಳಕ್ಕೆ ಸಣ್ಣ ದಾರ ಕಟ್ಟಿ ಕ್ಯಾಮೆರಾ ಪಟ್ಟಿಗೆ ಬಿಗಿದಿದ್ದಾನೆ. ನೋಡೋಕೆ ಚೆಂದ ಇಲ್ಲ, ಆದರೆ ಕಳೆಯಲ್ಲ. ಈ ವಾರ ನಿಮ್ಮ ಕ್ಯಾಮೆರಾ ಬ್ಯಾಗ್‌ನಿಂದ ತೆಗೆದಾಗ ಲೆನ್ಸ್ ಒರೆಸೋಕೆ ಮುಂಚೆ ಒಂದ್ಸಲ ನೆತ್ತಿ ನೋಡಿ.